ಫೋನಿನಲ್ಲಿ ಕಲಿತ ನಾನ್‌ಖಟಾಯಿ

ಚಕ್ಕುಲಿ, ಕೋಡುಬಳೆ, ರವೆ ಉಂಡೆ ಮಾಡಲು ಬಾರದ ಗೃಹಿಣಿ ನಮ್ಮ ಚಳ್ಳಕೆರೆ ಕಡೆ ಹುಡುಕಿದರೂ ಸಿಗಲಾರಳು. ಆದರೆ ನಾನ್‌ಖಟಾಯಿ? "ಅಯ್ಯೋ, ಅದನ್ನ ಬೇಕರಿಯಿಂದ ತಂದ್ರಾಯ್ತು ಬಿಡ್ರಿ, ಅದ್ಯಾಕೆ ಮನೇಲಿ ಒದ್ದಾಡ್ಬೇಕು" ಎನ್ನುತ್ತೀರಿ, ಅಲ್ಲವೇ? ನಾನೂ 2020ರವರೆಗೆ ಹಾಗೇ ಅನ್ನುತ್ತಿದ್ದೆ. ಚಕ್ಕುಲಿ ಸ್ವಲ್ಪ ಗಟ್ಟಿಯಾದರೆ ಹಲ್ಲಿರುವವರು ತಿಂದಾರು. ನಾನ್‌ಖಟಾಯಿ ಹಾಗಲ್ಲ. ಅದು ಬಹಳ ನಾಜೂಕಿನ ತಿಂಡಿ. ಮುರಿದರೆ ವಿಭೂತಿ ಉಂಡೆ ಮುರಿದ ಹಾಗೆ ಪುಡಿಪುಡಿಯಾಗಿ ಉದುರಬೇಕು, ಬಾಯಲ್ಲಿಟ್ಟರೆ ಜಗಿಯುವ ಮೊದಲೇ ಕರಗಬೇಕು. ತುಪ್ಪ ಒಂದು ಚಮಚ ಹೆಚ್ಚಾದರೂ ತಟ್ಟೆ ತುಂಬ ಹರಿದು ದೋಸೆಯಾಗುತ್ತದೆ.

ಇಂಥ ತಿಂಡಿಯನ್ನು ನಾನು ಕಲಿತದ್ದು ಎದುರಿಗೆ ಕೂತು ಅಲ್ಲ. ನಾನು ಚಳ್ಳಕೆರೆಯಲ್ಲಿ, ಕಲಿಸಿದವಳು ಮೊಳಕಾಲ್ಮೂರಿನಲ್ಲಿ. ನಡುವೆ ಒಂದು ಫೋನು.

ಅವಳು ನನ್ನ ಹೈಸ್ಕೂಲಿನ ಗೆಳತಿ. ಚಳ್ಳಕೆರೆಯಲ್ಲಿ ಒಂದೇ ಓಣಿಯಲ್ಲಿ ಬೆಳೆದವರು ನಾವು. ಆಗೆಲ್ಲ ಹಬ್ಬಕ್ಕೆ, ಬೇಸಿಗೆ ರಜಕ್ಕೆ ಬಿಸ್ಕತ್ತು ಬೇಕೆಂದರೆ ಮನೆಯಿಂದಲೇ ಮೈದಾ, ಸಕ್ಕರೆ, ಡಾಲ್ಡಾ ಚೀಲಕ್ಕೆ ಹಾಕಿಕೊಂಡು ಬೇಕರಿಗೆ ಹೋಗಿ ಮಾಡಿಸಿಕೊಂಡು ಬರುತ್ತಿದ್ದೆವು. ನಿಮ್ಮಲ್ಲೂ ಹಲವರು ಹೋಗಿದ್ದೀರಿ. ಬೇಕರಿಯವರು ಮಣೆಯಷ್ಟು ದೊಡ್ಡ ತಗಡಿನ ತಟ್ಟೆ ಕೊಡುತ್ತಿದ್ದರು, ಸುಡುವ ಕೂಲಿ ಕಿಲೋ ಲೆಕ್ಕ. ಸೌದೆಯ ಭಟ್ಟಿ. ಹಬ್ಬದ ಹಿಂದಿನ ದಿನಗಳಲ್ಲಿ ಸಾಲು ಎಷ್ಟಿರುತ್ತಿತ್ತೆಂದರೆ ಮಧ್ಯಾಹ್ನ ಹೋದವರಿಗೆ ರಾತ್ರಿ ಪಾಳಿ ಬರುತ್ತಿತ್ತು. ಅವಳು ಸಾಲಿನಲ್ಲಿ ನಿಂತರೆ ನಾನು ಊಟಕ್ಕೆ ಹೋಗಿ ಬರುವುದು, ನಾನು ನಿಂತರೆ ಅವಳು. ಬಿಸಿ ಬಿಸ್ಕತ್ತನ್ನು ಟಿನ್ನಿಗೆ ತುಂಬಿಸಿಕೊಂಡು, ಕತ್ತಲಲ್ಲಿ ಒಂದೊಂದೇ ಕದ್ದು ತಿನ್ನುತ್ತ ಮನೆಗೆ ಬರುತ್ತಿದ್ದೆವು.

ಚಳ್ಳಕೆರೆ ಎಂದರೆ ಎಣ್ಣೆ ಗಾಣ, ಎಣ್ಣೆ ಮಿಲ್ಲುಗಳ ಊರು. ಸುತ್ತಲ ಕೆಂಪು ನೆಲದ ಶೇಂಗಾ ಎಲ್ಲ ಇಲ್ಲಿಗೇ ಬರುತ್ತಿತ್ತು, ಮುಂಬಯಿಗೆ ಹೋಲಿಸಿ ಹೇಳುತ್ತಿದ್ದ ಕಾಲವೂ ಇತ್ತು. ಇಷ್ಟು ಶೇಂಗಾ ಎಣ್ಣೆ ಇರುವ ಊರಲ್ಲಿ ಬಿಸ್ಕತ್ತಿಗೆ ಡಾಲ್ಡಾ ಯಾಕೆ ಅಂತ ನಾನು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದೆ. "ಎಣ್ಣೆ ಹರಿತದೆ ಕಣೆ, ಇದಕ್ಕೆ ಹೆಪ್ಪುಗಟ್ಟಿದ ಜಿಡ್ಡೇ ಬೇಕು" ಎಂದಿದ್ದರು. ಆ ಒಂದು ಮಾತಿನಲ್ಲಿ ನಾನ್‌ಖಟಾಯಿಯ ಅರ್ಧ ಗುಟ್ಟಿದೆ. ನನಗೆ ಅದು ಅರ್ಥವಾದದ್ದು ಇಪ್ಪತ್ತೈದು ವರ್ಷದ ಮೇಲೆ!

ಗೆಳತಿಯನ್ನು ಮೊಳಕಾಲ್ಮೂರಿಗೆ ಕೊಟ್ಟರು. ತಳಕು, ಹಾನಗಲ್ ದಾಟಿ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಅಲ್ಲಿಯ ರೇಷ್ಮೆ ಸೀರೆ ನಿಮಗೆಲ್ಲ ಗೊತ್ತು. ಅವಳ ಮನೆಯೂ ಮಗ್ಗದ ಮನೆ. ಪಡಸಾಲೆಯಲ್ಲೇ ಗುಂಡಿ ಮಗ್ಗ, ಗಂಡ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯ್ದರೆ ಇವಳು ಕಂಡಿಕೆ ಸುತ್ತಿ ಕೊಡುತ್ತಾಳೆ. ಅವಳಿಗೆ ಫೋನು ಮಾಡಿದಾಗಲೆಲ್ಲ ಹಿಂದೆ ಲಾಳಿಯ ಸದ್ದು ಕೇಳುತ್ತಿರುತ್ತಿತ್ತು. ಎಷ್ಟೋ ಸಲ ನಾನು ಅವಳ ದನಿಗಿಂತ ಮೊದಲು ಅದನ್ನೇ ಕೇಳಿಸಿಕೊಳ್ಳುತ್ತಿದ್ದೆ.

2020ರಲ್ಲಿ ಆ ಸದ್ದು ನಿಂತಿತು. ನೆನಪಿದೆಯಲ್ಲ, ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದರು, ಮಾರನೆಯ ದಿನ ಯುಗಾದಿ. ಬೇವು ಬೆಲ್ಲ ತಿನ್ನುವಾಗ ಯಾರ ಮುಖದಲ್ಲೂ ನಗು ಇರಲಿಲ್ಲ. ಏಪ್ರಿಲ್, ಮೇ ಮದುವೆಗಳೆಲ್ಲ ನಿಂತವು. ಮದುವೆ ಇಲ್ಲವೆಂದ ಮೇಲೆ ರೇಷ್ಮೆ ಸೀರೆ ಕೊಳ್ಳುವವರು ಯಾರು? ನೇಯ್ದ ಸೀರೆ ಮನೆಯಲ್ಲೇ ಉಳಿಯಿತು, ಹೊಸದಕ್ಕೆ ನೂಲು ಬರಲಿಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಫೋನು ಮಾಡಿ, ಹಿಂದೆ ಮುಂದೆ ನೋಡದೆ ಕೇಳಿಬಿಟ್ಟೆ: "ಕಷ್ಟ ಇದ್ರೆ ಹೇಳೇ, ಒಂದೈದು ಸಾವಿರ ಹಾಕ್ತೀನಿ." ಅವಳು ಕೆಲಸದ ಮಧ್ಯೆ ಫೋನನ್ನು ಸ್ಪೀಕರಿಗೆ ಹಾಕಿಟ್ಟಿದ್ದಳು, ನನಗೆ ಗೊತ್ತಿರಲಿಲ್ಲ. "ನಮಗೇನೂ ಕಮ್ಮಿ ಇಲ್ಲ ಕಣೇ" ಅಂತ ಇಟ್ಟುಬಿಟ್ಟಳು. ಆಮೇಲೆ ನಾನು ಮಾಡಿದರೆ ಎತ್ತಲಿಲ್ಲ, ಅವಳಾಗಿ ಮಾಡಲಿಲ್ಲ. ವಾಟ್ಸಾಪಿನಲ್ಲಿ ಹಬ್ಬದ ಚಿತ್ರ ಕಳಿಸಿದರೆ ಕೈಮುಗಿದ ಚಿತ್ರ ವಾಪಸು ಬರುತ್ತಿತ್ತು, ಅಷ್ಟೇ. ನಾನೇನು ತಪ್ಪು ಮಾತಾಡಿದೆ ಅಂತ ನನಗೇ ಸಿಟ್ಟು. ಐದು ತಿಂಗಳು ಹೀಗೇ ಹೋಯಿತು.

ಆ ವರ್ಷ ದೀಪಾವಳಿ ನವೆಂಬರ್ 14ಕ್ಕೆ. ಹೊರಗಿನ ತಿಂಡಿ ತರಲು ಎಲ್ಲರಿಗೂ ಅಂಜಿಕೆ. ಮಗಳು ನಾನ್‌ಖಟಾಯಿ ಬೇಕೇ ಬೇಕೆಂದು ಹಟ ಹಿಡಿದಳು. ಅಳತೆ ಒಂದು ಕಡೆ ಓದಿ ಮಾಡಿದೆ. ತಟ್ಟೆಯಲ್ಲಿಟ್ಟ ಹನ್ನೆರಡು ಉಂಡೆಯೂ ಹರಿದು ಒಂದೇ ರೊಟ್ಟಿಯಾಯಿತು. ಮಾರನೆಯ ದಿನ ಮೈದಾ ಜಾಸ್ತಿ ಹಾಕಿ ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿದೆ. ಕಲ್ಲಾಯಿತು. ನಮ್ಮ ಯಜಮಾನರು ತುಟಿ ಪಿಟಕ್ಕೆನ್ನದೆ ಚಹಾದಲ್ಲಿ ಅದ್ದಿ ತಿಂದರು ಪಾಪ.

ನನ್ನ ಗೆಳತಿಯ ತಾಯಿ ಬೇಕರಿಗೆ ಹೋಗಲಾಗದ ವರ್ಷ ಮನೆಯಲ್ಲೇ ಮರಳಿನ ಬಾಣಲೆಯಲ್ಲಿ ನಾನ್‌ಖಟಾಯಿ ಮಾಡುತ್ತಿದ್ದದ್ದು ನೆನಪಾಯಿತು. ಅವಳನ್ನು ಕೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿ ಫೋನು ಮಾಡಿದೆ. ಎತ್ತಿದಳು. "ಏನೂ ಇಲ್ಲ ಕಣೆ, ನಾನ್‌ಖಟಾಯಿ ಹರಿದುಹೋಯ್ತು, ಅಮ್ಮ ಹೆಂಗೆ ಮಾಡ್ತಿದ್ರು ಅಂತ ಕೇಳೋಣ ಅಂತ..." ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ತುಪ್ಪ ಕರಗಿಸಿದ್ಯೇನೇ?"

"ಹೂಂ."

"ಅಯ್ಯೋ ದಡ್ಡಿ!"

ಐದು ತಿಂಗಳ ಮೇಲೆ ಅವಳು ನನ್ನ ಮೇಲೆ ಬೈದ ಮೊದಲ ಬೈಗುಳ. ಅಷ್ಟು ಸಂತೋಷವಾಯಿತು ನನಗೆ.

ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ಅವಳೇ ಅಂದಳು: "ತಡಿ, ನಾಳೆ ಹತ್ತು ಗಂಟೆಗೆ ನಾನೂ ಮಾಡ್ತೀನಿ, ಇಬ್ಬರೂ ಒಟ್ಟಿಗೇ ಮಾಡೋಣ." ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ವಿಡಿಯೋದಲ್ಲಿ ಶುರು ಮಾಡಿದೆವು. ಮೊದಲ ತಕರಾರು ಅಳತೆಯದೇ. ನನ್ನ ಕಪ್ಪು ಬೇರೆ, ಅವಳ ಕಪ್ಪು ಬೇರೆ, ತಕ್ಕಡಿ ಇಬ್ಬರಲ್ಲೂ ಇಲ್ಲ. ಕೊನೆಗೆ ಅವಳಿಗೇ ಹೊಳೆಯಿತು. ನನ್ನ ಮದುವೆಯಲ್ಲಿ ಬಂದವರಿಗೆಲ್ಲ ಒಂದೇ ಥರದ ಸ್ಟೀಲ್ ಲೋಟ ಕೊಟ್ಟಿದ್ದೆವು. ಅವಳ ಮನೆಯಲ್ಲಿ ಒಂದು, ನನ್ನ ಮನೆಯಲ್ಲಿ ನಾಲ್ಕು. ಅದೇ ನಮ್ಮಿಬ್ಬರ ಅಳತೆಯಾಯಿತು.

ದೂರದಲ್ಲಿರುವವರ ಜೊತೆ ಸೇರಿ ಅಡಿಗೆ ಮಾಡುವಾಗ ಫೋನು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎನ್ನುವುದು ಮೊದಲು ಗೊತ್ತಿರಬೇಕು. ಬಣ್ಣವನ್ನಂತೂ ನಂಬಲೇಬೇಡಿ. ಅವಳ ಅಡಿಗೆಮನೆಯಲ್ಲಿ ಹಳದಿ ಬಲ್ಬು, ಬೇಯದೆ ಬಿಳುಚಿಕೊಂಡ ಹಿಟ್ಟೂ ಹೊಂಬಣ್ಣವಾಗಿ ಕಾಣುತ್ತಿತ್ತು. ನನ್ನದು ಟ್ಯೂಬ್‌ಲೈಟು, ಹದವಾಗಿ ಬೆಂದದ್ದೂ ಬೆಳ್ಳಗೆ. ನಾನು ಅವಳ ಬಣ್ಣ ನೋಡಿ ಇನ್ನೂ ಐದು ನಿಮಿಷ ಬಿಟ್ಟು ತಳ ಸೀಸಿಕೊಂಡೆ. ಆಮೇಲಿಂದ ಬಣ್ಣ ಕೇಳುವುದು ಬಿಟ್ಟು, "ಘಮ ಬಂತಾ? ಅಂಚು ಗಟ್ಟಿಯಾಯ್ತಾ? ಒಂದನ್ನ ಎತ್ತಿ ತಳ ನೋಡು" ಎಂದು ಕೇಳಲು ಕಲಿತೆವು. ಹಿಟ್ಟಿನ ಹದವೂ ಹಾಗೇ. "ಮೆತ್ತಗೆ" ಎಂದರೆ ಒಬ್ಬೊಬ್ಬರ ಕೈಗೆ ಒಂದೊಂದು ಮೆತ್ತಗೆ. "ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಮೀಟಿದರೆ ಒಡೀಬೇಕು" ಎಂದಾಗಲೇ ಇಬ್ಬರದೂ ಒಂದೇ ಆದದ್ದು. ನಾನು ಅಭ್ಯಾಸಬಲದಿಂದ ಮತ್ತೆ ನಾದಲು ಹೋದರೆ ಆ ಕಡೆಯಿಂದ ಕೂಗು: "ಏಯ್, ಅದೇನು ರೊಟ್ಟಿ ಹಿಟ್ಟಾ? ರೇಷ್ಮೆ ಎಳೆ ಮುಟ್ಟಿದಂಗೆ ಮುಟ್ಟೇ!"

ಯಾಕೆ ನಾದಬಾರದು ಗೊತ್ತೇ? ಮೈದಾಕ್ಕೆ ನೀರು ಬಿದ್ದು ಕೈ ಆಡಿತೆಂದರೆ ಅದರಲ್ಲಿ ಜಿಗುಟು ಹುಟ್ಟುತ್ತದೆ. ಹೋಳಿಗೆ ಕಣಕಕ್ಕೆ ಆ ಜಿಗುಟೇ ಬೇಕು, ಎಷ್ಟು ನಾದಿದರೆ ಅಷ್ಟು ಒಳ್ಳೆಯದು. ನಾನ್‌ಖಟಾಯಿಗೆ ಅದೇ ಶತ್ರು. ತುಪ್ಪ ಹಿಟ್ಟಿನ ಕಣಕಣಕ್ಕೂ ಮೆತ್ತಿಕೊಂಡು ಜಿಗುಟು ಹುಟ್ಟದ ಹಾಗೆ ತಡೆಯುತ್ತದೆ, ಅದಕ್ಕೇ ಉದುರುವುದು. ಇನ್ನು ತುಪ್ಪ ಹರಳುಹರಳಾಗಿದ್ದಾಗ ಸಕ್ಕರೆ ಪುಡಿಯ ಜೊತೆ ಕಡೆದರೆ ಒಳಗೆ ಗಾಳಿ ಸೇರಿ ಬೆಳ್ಳಗೆ ಹಗುರಾಗುತ್ತದೆ. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ, ಬಿಸಿ ತಾಗಿದ ತಕ್ಷಣ ಉಂಡೆ ಹರಿಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ತುಪ್ಪ ಹರಳುಗಟ್ಟುವುದೇ ಇಲ್ಲ, ಪಾತ್ರೆಯನ್ನು ತಣ್ಣೀರಿನಲ್ಲೋ ಫ್ರಿಜ್ಜಿನಲ್ಲೋ ಇಟ್ಟು ಹೆಪ್ಪುಗಟ್ಟಿಸಿಕೊಳ್ಳಿ.

ಡಾಲ್ಡಾ ಹಾಕಿದರೆ ಇನ್ನೂ ಸುಲಭ ಎನ್ನುವವರಿದ್ದಾರೆ. ಸುಲಭವೇನೋ ಹೌದು. ಆದರೆ ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಗೊತ್ತಾಗಿ, 2022ರ ಜನವರಿಯಿಂದ ಅದು ನೂರಕ್ಕೆ 2 ಭಾಗ ಮೀರಬಾರದೆಂದು ನಮ್ಮ ದೇಶದಲ್ಲೂ ನಿಯಮ ಬಂದಿದೆ. ವರ್ಷಕ್ಕೊಮ್ಮೆ ಮಾಡುವ ತಿಂಡಿಗೆ ಮನೆಯ ತುಪ್ಪವನ್ನೇ ಹಾಕೋಣ ಎನ್ನುವುದು ನನ್ನ ಮತ.

ಈಗ ಅಳತೆ ಬರೆದುಕೊಳ್ಳಿ. ನನ್ನ ಮದುವೆಯ ಲೋಟ ನಿಮ್ಮಲ್ಲಿ ಇರಲಾರದಾದ್ದರಿಂದ ತೂಕದಲ್ಲೇ ಕೊಡುತ್ತೇನೆ. ಮೈದಾ 150 ಗ್ರಾಂ, ಕಡಲೆ ಹಿಟ್ಟು 25 ಗ್ರಾಂ, ಚಿರೋಟಿ ರವೆ 25 ಗ್ರಾಂ, ಹರಳುಗಟ್ಟಿದ ತುಪ್ಪ 120 ಗ್ರಾಂ, ನುಣ್ಣಗೆ ಪುಡಿ ಮಾಡಿದ ಸಕ್ಕರೆ 100 ಗ್ರಾಂ, ಕಾಲು ಟೀ ಚಮಚ ಅಡಿಗೆ ಸೋಡಾ, ಒಂದು ಟೀ ಚಮಚ ಹುಳಿ ಮೊಸರು, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಮೊದಲು ತುಪ್ಪ ಸಕ್ಕರೆಯನ್ನು ಅಂಗೈಯಿಂದಲೇ ಏಳೆಂಟು ನಿಮಿಷ ಒಂದೇ ದಿಕ್ಕಿಗೆ ತಿರುವುತ್ತ ಬೆಳ್ಳಗಾಗುವವರೆಗೆ ಉಜ್ಜಿ. ಸೋಡಾದ ಮೇಲೆ ಮೊಸರು ಹಾಕಿದರೆ ನೊರೆ ಬರುತ್ತದೆ, ಅದನ್ನು ಸೇರಿಸಿ. ಹಿಟ್ಟುಗಳನ್ನೆಲ್ಲ ಎರಡು ಸಲ ಜರಡಿ ಹಿಡಿದು, ಬೆರಳ ತುದಿಯಿಂದ ಕೂಡಿಸಿ. ಕೂಡಿಕೊಂಡಿತೆಂದರೆ ಕೈ ತೆಗೆಯಿರಿ. 20 ನಿಮಿಷ ತಣ್ಣಗೆ ಇಟ್ಟು, ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಮೆಲ್ಲಗೆ ಒತ್ತಿ. ಸುಮಾರು 24 ಆಗುತ್ತವೆ. ಒಂದಕ್ಕೊಂದು ಎರಡು ಬೆರಳು ಅಂತರವಿರಲಿ.

ಓವನ್ ಇದ್ದರೆ ಮೊದಲೇ ಕಾಯಿಸಿಟ್ಟು 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಇಲ್ಲದವರು ದಪ್ಪ ತಳದ ಹಳೆಯ ಅಲ್ಯುಮಿನಿಯಂ ಪಾತ್ರೆಗೆ ಒಂದು ಬೆರಳು ದಪ್ಪ ಮರಳನ್ನೋ ಉಪ್ಪನ್ನೋ ಹರಡಿ, ಮೇಲೆ ಒಂದು ಸಿಂಬಿ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ, ಆಮೇಲೆ ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಕುಕ್ಕರಿನಲ್ಲೇ ಮಾಡುವುದಾದರೆ ಗ್ಯಾಸ್ಕೆಟ್ಟು, ವೆಯ್ಟು ಎರಡನ್ನೂ ತೆಗೆದೇ ಮುಚ್ಚಬೇಕು, ಇದನ್ನು ಮರೆಯಬೇಡಿ. ಪಾತ್ರೆಯಲ್ಲಿ ಬಿಸಿ ತಳದಿಂದಲೇ ಬರುವುದರಿಂದ ಮೇಲೆ ಬಣ್ಣ ಬರಲಿಲ್ಲವೆಂದು ಕಾಯುತ್ತ ಕೂತರೆ ತಳ ಸೀಯುತ್ತದೆ. ಇನ್ನೊಂದು ಮಾತು: ಬೆಂದು ತೆಗೆದಾಗ ಮೆತ್ತಗೇ ಇರುತ್ತವೆ. ಬೆಂದಿಲ್ಲವೆಂದು ವಾಪಸು ಇಡಬೇಡಿ, ಮುಟ್ಟಲೂ ಬೇಡಿ. ತಟ್ಟೆಯಲ್ಲೇ ಆರಿದ ಮೇಲೆ ಗಟ್ಟಿಯಾಗುತ್ತವೆ.

ಶೇಂಗಾ ಹಾಕಿ ಮಾಡಿದ್ದು ನನ್ನದೇ ಬುದ್ಧಿ. ಚಳ್ಳಕೆರೆಯವಳು, ಶೇಂಗಾ ಇಲ್ಲದೆ ಹೇಗೆ? ಹುರಿದು ಸಿಪ್ಪೆ ತೆಗೆದ ಬೀಜವನ್ನು ಮಿಕ್ಸಿಯಲ್ಲಿ ತಡೆದು ತಡೆದು ಪುಡಿ ಮಾಡಿ, 50 ಗ್ರಾಂ ಮೈದಾ ತೆಗೆದು ಅದರ ಬದಲು ಹಾಕಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಶೇಂಗಾದಲ್ಲೇ ಜಿಡ್ಡಿರುವುದರಿಂದ ತುಪ್ಪ 100 ಗ್ರಾಂ ಸಾಕು. ಗೆಳತಿ ಮೊದಲು ಮೂಗು ಮುರಿದಳು, ಈಗ ಅವಳ ಅತ್ತೆಗೆ ಅದೇ ಬೇಕಂತೆ.

ನಾನ್‌ಖಟಾಯಿ ನಮ್ಮ ಮೂಲದ ತಿಂಡಿಯೇ ಎಂದು ಕೇಳಬೇಡಿ. ಸೂರತ್ತಿನಲ್ಲಿ ಡಚ್ಚರ ಬೇಕರಿಯಿಂದ ಹುಟ್ಟಿತೆಂಬ ಕಥೆ ಹೇಳುತ್ತಾರೆ. ನಾನ್ ಎಂದರೆ ಪಾರಸಿಯಲ್ಲಿ ರೊಟ್ಟಿ. ಸ್ಕಾಟ್ಲೆಂಡಿನಲ್ಲೂ ಇದರ ತಂಗಿಯಂಥ ಬಿಸ್ಕತ್ತು ಇದೆ, ಶಾರ್ಟ್‌ಬ್ರೆಡ್ ಅಂತ, ಅದಕ್ಕೆ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ನಮ್ಮ ಮಂಗಳೂರಿನ ಕಡೆ ಕ್ರಿಸ್‌ಮಸ್ಸಿಗೆ ಕುಸ್ವಾರ್ ಎಂದು ಬಗೆಬಗೆಯ ತಿಂಡಿ ಮಾಡಿ ತಟ್ಟೆ ತುಂಬಿಸಿ ನೆರೆಮನೆಗಳಿಗೆ ಹಂಚುತ್ತಾರೆ. ಹಬ್ಬದ ತಿಂಡಿಯನ್ನು ಮಾಡಿದವರೇ ತಿಂದು ಮುಗಿಸುವ ಪದ್ಧತಿ ಎಲ್ಲೂ ಇದ್ದಂತಿಲ್ಲ.

ನಮಗೂ ಹಂಚುವ ಆಸೆ. ನಾನು ಮಾಡಿದ್ದನ್ನು ಅವಳು, ಅವಳು ಮಾಡಿದ್ದನ್ನು ನಾನು ತಿನ್ನದೆ ಯಾರದ್ದು ಚೆನ್ನ ಎಂದು ತೀರ್ಮಾನವಾಗುವುದು ಹೇಗೆ? 2021ರಲ್ಲಿ ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿದೆ. ತಲುಪಿದಾಗ ಬರೀ ಪುಡಿ. "ನಾನ್‌ಖಟಾಯಿ ಎಲ್ಲೇ, ಇದು ಪಂಚಕಜ್ಜಾಯ" ಎಂದು ಫೋನು ಬಂತು. ಮಾರನೆಯ ವರ್ಷ ಕಾಗದ ಸುತ್ತಿ ಕಳಿಸಿದೆ, ಅರ್ಧ ಉಳಿದವು. ಕೊನೆಗೆ ಗೆಲುವು ತಂದದ್ದು ಮಂಡಕ್ಕಿ! ಡಬ್ಬಿಯ ತಳಕ್ಕೆ ಮಂಡಕ್ಕಿ, ಅದರ ಮೇಲೆ ಬಟರ್ ಪೇಪರಿನಲ್ಲಿ ಎರಡೆರಡೇ ಸುತ್ತಿದ ನಾನ್‌ಖಟಾಯಿ, ಸಂದಿಗೆಲ್ಲ ಮಂಡಕ್ಕಿ, ಮತ್ತೆ ಮೇಲೊಂದು ಪದರ. ಅಲ್ಲಾಡಿಸಿದರೆ ಸದ್ದು ಬರಬಾರದು, ಹಾಗೆ ತುಂಬಿಸಬೇಕು. ಮಂಡಕ್ಕಿ ಗರಿಗರಿಯಾಗಿರಲಿ, ಮೆತ್ತಗಾದದ್ದು ತೇವ ಕೊಟ್ಟುಬಿಡುತ್ತದೆ. ನಾನ್‌ಖಟಾಯಿಯನ್ನು ಪೂರ್ತಿ ಆರಿಸಿಯೇ ತುಂಬಬೇಕು. ಒಂದೂ ಮುರಿಯಲಿಲ್ಲ. ಆ ಮಂಡಕ್ಕಿಗೆ ಅವಳು ಸಂಜೆ ಈರುಳ್ಳಿ, ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟಳಂತೆ.

ಒಮ್ಮೆ ನಾನು ಬಾಯಿ ತಪ್ಪಿ, "ಇಷ್ಟು ಚೆನ್ನಾಗಿ ಮಾಡ್ತೀಯ, ಆರ್ಡರ್ ತಗೊಳ್ಳೇ, ನಾಲ್ಕು ಕಾಸು ಆಗುತ್ತೆ" ಎಂದುಬಿಟ್ಟೆ. ಹೇಳಿ ನಾಲಿಗೆ ಕಚ್ಚಿಕೊಂಡೆ. ಈ ಸಲ ಫೋನು ಇಡಲಿಲ್ಲ. "ಇದು ಮಾರೋದಕ್ಕಲ್ಲ ಬಿಡು" ಎಂದು ನಕ್ಕಳು, ಅಷ್ಟೇ.

ಕಳೆದ ದೀಪಾವಳಿಯ ಹಿಂದಿನ ವಾರ ಎಂದಿನಂತೆ ಹತ್ತು ಗಂಟೆಗೆ ಶುರು ಮಾಡಿದ್ದೆವು. ಇಬ್ಬರ ತಟ್ಟೆಯೂ ಒಳಗೆ ಹೋಗಿತ್ತು. ಆ ಇಪ್ಪತ್ತು ನಿಮಿಷ ಕೈಗೆ ಕೆಲಸವಿರುವುದಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಸುಮ್ಮನೆ ಕೂತಿದ್ದವಳು ತಾನಾಗಿಯೇ ಅಂದಳು:

"ಆ ಕೊರೋನಾ ವರ್ಷ ನೀನು ಕೇಳಿದಾಗ ಮನೇಲಿ ನಿಜವಾಗ್ಲೂ ದುಡ್ಡಿರ್ಲಿಲ್ಲ ಕಣೇ. ಆದ್ರೆ ಇವ್ರು ಅಲ್ಲೇ ಮಗ್ಗದ ಗುಂಡೀಲಿ ಕೂತಿದ್ರು, ನೂಲಿಲ್ಲದೆ, ಸುಮ್ನೆ. ಅವರಿಗೂ ಕೇಳಿಸ್ತು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ನಂಗೆ ಗೊತ್ತಾಗ್ಲಿಲ್ಲ ಕಣೆ" ಎಂದೆ.

"ನಿಂಗೆ ಹೆಂಗೆ ಗೊತ್ತಾಗ್ತಿತ್ತು" ಎಂದಳು. ಅವಳ ಹಿಂದೆ ಲಾಳಿ ಆಡುತ್ತಿತ್ತು. ಅವರ ಮನೆಯಲ್ಲಿ ಮೊದಲು ಎರಡು ಮಗ್ಗವಿತ್ತು, ಈಗ ಒಂದೇ. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಷ್ಟರಲ್ಲಿ ಅವಳೇ, "ಏಯ್, ಘಮ ಬರ್ತೈತೆ ನಂಗೆ. ನಿಂದು ನೋಡೇ, ತಳ ಸೀದೀತು!" ಎಂದು ಕೂಗಿದಳು. ಎದ್ದು ನೋಡಿದೆ. ಮಾತಿನ ಗಡಿಬಿಡಿಯಲ್ಲಿ ಎರಡು ಸೀದೇ ಹೋಗಿದ್ದವು.

ಒಳ್ಳೆಯ ಇಪ್ಪತ್ತೆರಡನ್ನು ಮಂಡಕ್ಕಿಯಲ್ಲಿಟ್ಟು ಬಸ್ಸಿಗೆ ಕೊಟ್ಟೆ. ಖಾಲಿ ಡಬ್ಬಿ ವಾಪಸು ಕಳಿಸುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ನಾಲ್ಕು ದಿನ ಬಿಟ್ಟು ಅದೇ ಡಬ್ಬಿ ತುಂಬಿಕೊಂಡು ಬಂತು. ಅವಳ ನಾನ್‌ಖಟಾಯಿ ಹದಿನೆಂಟು. ತಿರುಗಿಸಿ ನೋಡಿದರೆ ಮೂರರ ತಳ ಕಪ್ಪು. ಫೋನು ಮಾಡಿ ಹೇಳಿದೆ.

"ಸುಳ್ಳು. ಎರಡೇ" ಎಂದಳು.